ಬೆಳಗಿನ ಏಳು ಗಂಟೆಯ ಮಳೆ ಲೆಕ್ಕ

ಕಾವೇರಿಯ ನೆರೆಯ ವಿಷಯದಲ್ಲಿ ಕೊಡಗಿನ ಕಚೇರಿಗಳು ಒಂದರ ಮಾತನ್ನು ಇನ್ನೊಂದು ಕೇಳುವಂತೆ ಮಾಡಿದವರು ಯಾರೆಂದರೆ, ಮಡಿಕೇರಿಯಿಂದ ಪೊನ್ನಂಪೇಟೆಯವರೆಗೆ ಎಲ್ಲರೂ ಹೇಳುವ ಹೆಸರು ಶ್ರೀಮತಿ ಶಾಂಭವಿಯವರದು. ಮೂವತ್ತನಾಲ್ಕು ವರ್ಷ ನೀರಾವರಿ ಎಂಜಿನಿಯರರಾಗಿ ದುಡಿದು ಅವರು ನಿವೃತ್ತರಾಗುತ್ತಿರುವ ಈ ಸಂದರ್ಭದಲ್ಲಿ, ಅಭಿಮಾನದಿಂದ ನಾಲ್ಕು ಮಾತು ಬರೆಯಿರೆಂದು ಸಂಪಾದಕರು ನನ್ನನ್ನು ಕೇಳಿದ್ದಾರೆ. ಅಭಿಮಾನವಿದೆ, ಸುಳ್ಳಲ್ಲ. ಆದರೆ ಹೊಟ್ಟೆಕಿಚ್ಚು ಅದಕ್ಕಿಂತ ಹಳೆಯದು. ಅದನ್ನು ಬಚ್ಚಿಟ್ಟು ಬರೆದರೆ ಈ ಲೇಖನ ಅರ್ಧವೇ ಆಗುತ್ತದೆ.

ಅವರು ಶನಿವಾರಸಂತೆ ಕಡೆಯಿಂದ ವರ್ಗವಾಗಿ ಬಂದ ವರ್ಷ ನಾನು ನೆರೆ ನಿಯಂತ್ರಣ ಕೊಠಡಿಯ ಅಧಿಕಾರಿ. ಐದು ಇಲಾಖೆಗಳ ಸಮನ್ವಯಕ್ಕೆಂದು ನೂರಾ ಹನ್ನೆರಡು ಪುಟಗಳ ಯೋಜನೆಯೊಂದನ್ನು ಆಗಷ್ಟೇ ಬರೆದು ಮುಗಿಸಿದ್ದೆ. ಐದೂ ಇಲಾಖೆಯವರು ಅದಕ್ಕೆ ಮೊಹರು ಒತ್ತಿದರು, ಯಾರೂ ಓದಲಿಲ್ಲ. ಶಾಂಭವಿಯವರು ಓದಿದರು. ಓದಿ, "ಚೆನ್ನಾಗದೆ ಸಾರ್, ಆದ್ರೆ ಯಾರು ಯಾರಿಗೆ ಫೋನ್ ಮಾಡ್ಬೇಕು ಅಂತ ಎಲ್ಲೂ ಇಲ್ವಲ್ಲ" ಎಂದರು. ಆ ಮಾತು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಇಲ್ಲಿನ ಕಾಫಿ ತೋಟಗಳಲ್ಲಿ ಬೆಳಗಾದರೆ ಮೊದಲು ಮಳೆಮಾಪಕ ನೋಡಿ ಇಂಚಿನಲ್ಲಿ ಬರೆದಿಡುವುದು, ನೆರೆಹೊರೆಯವರು ಕ್ಷೇಮಸಮಾಚಾರಕ್ಕೂ ಮುಂಚೆ "ನಿಮ್ಮಲ್ಲಿ ಎಷ್ಟು?" ಎಂದು ಕೇಳುವುದು ಅಜ್ಜಂದಿರ ಕಾಲದ ರೂಢಿ. ನಾವೆಲ್ಲ ಅದನ್ನು ಕೇಳಿಸಿಕೊಂಡೇ ಬೆಳೆದವರು. ಅದನ್ನು ಸರ್ಕಾರದ ಕೆಲಸಕ್ಕೆ ಹಚ್ಚಿದವರು ಶಾಂಭವಿಯವರು. ನಾಪೋಕ್ಲು ಕಡೆಯ ತೋಟದೊಡತಿ ಬೋಜಮ್ಮನವರು, "ನಮ್ಮ ಮಳೆ ನಿಮಗೆ ಎಂತಕ್ಕೆ?" ಎಂದು ನಕ್ಕರಂತೆ, ಮರುದಿನದಿಂದ ಏಳು ಗಂಟೆಗೆ ತಪ್ಪದೆ ಫೋನ್‌ನಲ್ಲಿ ಹೇಳತೊಡಗಿದರಂತೆ. ತೋಟದವರು ಶಾಂಭವಿಯವರಿಗೆ, ಅವರು ದುಬಾರೆ ಆನೆ ಶಿಬಿರದ ಅರಣ್ಯ ಸಿಬ್ಬಂದಿಗೆ, ಅಲ್ಲಿಂದ ಜಲಾಶಯ, ಕಂದಾಯ, ಪೊಲೀಸ್. ಕಾಫಿ ಕುಡಿಯುವುದರೊಳಗೆ ಸುತ್ತು ಮುಗಿಯುತ್ತಿತ್ತು. ನನ್ನ ಕೊಠಡಿಗೆ ಮಾತ್ರ ಸಹಿಯಿಲ್ಲದ ಅಂಕಿ ಬೇಡವೆಂದು ನಾನೇ ಸುತ್ತೋಲೆ ಹೊರಡಿಸಿದ್ದೆ. ಅದರಲ್ಲಿ ನಿಯಮಕ್ಕಿಂತ ಅಸೂಯೆಯೇ ಹೆಚ್ಚಿತ್ತು.

ಆರು ವರ್ಷದ ಹಿಂದೆ, ಆಗಸ್ಟ್ ತಿಂಗಳ ಒಂದು ಬೆಳಿಗ್ಗೆ, ಅವರೇ ನನಗೆ ಫೋನ್ ಮಾಡಿದರು.

"ಸಾರ್, ಮೇಲೆ ಒಂಬತ್ತು ಇಂಚು ಬಿದ್ದದೆ. ದುಬಾರೇಲಿ ಮಾವುತರು ಆನೆಗಳನ್ನ ಆಗ್ಲೇ ಎತ್ತರಕ್ಕೆ ಕಟ್ಟವ್ರೆ. ಕೆಳಗಿನ ಕಾಲೋನಿ ಜನಾನ ಹೊರಡ್ಸಕ್ಕೆ ನಿಮ್ಮ ಆದೇಶ ಬೇಕು."

"ಲಿಖಿತವಾಗಿ ಬರಲಿ" ಎಂದೆ ನಾನು.

ಅಧಿಕೃತ ಮಳೆ ವರದಿ ನನ್ನ ಮೇಜಿಗೆ ಬಂದದ್ದು ಹನ್ನೊಂದಕ್ಕೆ. ಹತ್ತೂವರೆಗೇ ಹೊಳೆ ಆ ಕಾಲೋನಿಯ ಮೂವತ್ತೆಂಟು ಮನೆಗಳಿಗೆ ಕಿಟಕಿಯೆತ್ತರ ನುಗ್ಗಿತ್ತು. ಒಳಗೆ ಯಾರೂ ಇರಲಿಲ್ಲ. ನನ್ನೊಡನೆ ಮಾತು ಮುಗಿದ ಕೂಡಲೇ ಶಾಂಭವಿಯವರು ಜೀಪು ಹತ್ತಿ ಹೋಗಿ, ಆದೇಶವಾಗಿದೆ ಎಂದು ಸುಳ್ಳು ಹೇಳಿ, ಎಲ್ಲರನ್ನೂ ಶಾಲೆಗೆ ಸಾಗಿಸಿದ್ದರು. ಆಮೇಲೆ ತೆರವಿನ ಬಗ್ಗೆ ಕೊಟ್ಟ ವರದಿಯಲ್ಲೂ "ನಿಯಂತ್ರಣಾಧಿಕಾರಿಗಳ ಸೂಚನೆಯಂತೆ" ಎಂದೇ ಬರೆದರು. ಗಣರಾಜ್ಯೋತ್ಸವದಂದು ಪ್ರಶಸ್ತಿಪತ್ರ ಬಂದದ್ದು ನನಗೆ.

ಹೀಗೇಕೆ ಮಾಡಿದಿರಿ ಎಂದು ಕೇಳಿದಾಗ ಅವರು ಹೇಳಿದ್ದಿಷ್ಟು: "ನಿಮ್ಮ ಕೊಠಡಿ ಹೆಸ್ರು ಇಲ್ದಿದ್ರೆ ಮುಂದಿನ ಸಲ ನಾನು ಹೇಳಿದ್ರೆ ಜನ ಹೊರಡಲ್ಲ ಸಾರ್." ನನ್ನನ್ನು ಕ್ಷಮಿಸಿದ ಭಾವವೂ ಅವರ ಮುಖದಲ್ಲಿರಲಿಲ್ಲ. ಸಿಟ್ಟಾಗಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಮರುವಾರ ಸುತ್ತೋಲೆಯನ್ನು ಹಿಂತೆಗೆದುಕೊಂಡೆ. ಪ್ರಶಸ್ತಿಪತ್ರವನ್ನು ಗೋಡೆಯಿಂದ ಇಳಿಸಲಿಲ್ಲ. ಮನೆಗೆ ಬಂದವರು ಅದನ್ನು ಓದಿ ಹೊಗಳಿದಾಗಲೆಲ್ಲ ಸುಮ್ಮನಿದ್ದೆ. ಆ ಆದೇಶ ನನ್ನದಲ್ಲ, ಶಾಂಭವಿಯವರದು ಎಂಬುದನ್ನು ಇಂದು, ನನ್ನ ಸಹಿಯೊಡನೆ, ಲಿಖಿತವಾಗಿ ಕೊಡುತ್ತಿದ್ದೇನೆ.

ಅವರಿಗೆ ದೀರ್ಘಾಯುಸ್ಸು, ಆರೋಗ್ಯ ಇರಲಿ. ನಿವೃತ್ತಿಯಾದರೂ ಏಳು ಗಂಟೆಯ ಫೋನ್ ನಿಲ್ಲಿಸುವುದಿಲ್ಲವೆಂದು ಬೋಜಮ್ಮನವರಿಗೆ ಮಾತು ಕೊಟ್ಟಿದ್ದಾರಂತೆ. ಅದಕ್ಕೂ ನನಗೆ ಹೊಟ್ಟೆಕಿಚ್ಚೇ. ನನಗಿನ್ನೂ ಎರಡು ಮಳೆಗಾಲದ ಸೇವೆ ಉಳಿದಿದೆ. ನನಗೂ ಫೋನ್ ಮಾಡಲಿ. ಜನರನ್ನು ಹೊರಡಿಸಲೇ ಎಂದು ಅವರು ಕೇಳಿದರೆ, "ಹೊರಡಿಸಿ" ಎಂದು ಒಮ್ಮೆಯಾದರೂ ನಾನೇ ಹೇಳಬೇಕು.