ಅವ್ವನ ತಲೆ ಬಾಚುವ ಹಕ್ಕು

ಕಳೆದ ತಿಂಗಳ ಒಂದು ಭಾನುವಾರ. ಕೊಬ್ಬರಿ ಎಣ್ಣೆ ಬೆಚ್ಚಗೆ ಮಾಡಿಕೊಂಡು, ಬಾಚಣಿಕೆ ಹಿಡಿದು, ಅವ್ವನ ಹಿಂದೆ ಹೋಗಿ ಕುಳಿತೆ. ಅವ್ವ ತಲೆ ಪಕ್ಕಕ್ಕೆ ಸರಿಸಿದಳು.

"ಇರ್ಲಿ ಬಿಡ ಬೇ. ನಾಳಿ ಲಕ್ಕು ಬರ್ತಾಳಲ್ಲ, ಆಕಿ ಬಾಚತಾಳ."

"ಯಾಕವ್ವಾ, ನನಗ ಬಾಚಾಕ ಬರೂದಿಲ್ಲೇನು?"

"ಬರತೈತಿ. ಆದ್ರ ನೀ ಪೇಪರ್ ತಿದ್ದಿದಂಗ ಬಾಚತಿ."

ನಾನು ಜಮಖಂಡಿಯ ಕಾಲೇಜಿನಲ್ಲಿ ಇಪ್ಪತ್ತೆರಡು ವರ್ಷಗಳಿಂದ ಪಾಠ ಮಾಡುತ್ತಿರುವವಳು. ಎಷ್ಟು ಮಕ್ಕಳಿಗೆ ಮಾರ್ಕ್ಸ್ ಹಾಕಿದ್ದೇನೋ ಲೆಕ್ಕವಿಲ್ಲ. ನನಗೆ ಯಾರೂ ಹೀಗೆ ಹಾಕಿರಲಿಲ್ಲ.

ಎಣ್ಣೆ ಆರಿತು. ಅವ್ವ ಇಡೀ ದಿನ ಕೆದರಿದ ತಲೆಯಲ್ಲೇ ಕುಳಿತಳು, ಸೋಮವಾರಕ್ಕೆ ಕಾಯುತ್ತ.

ಹೇಳಿಬಿಡುತ್ತೇನೆ, ಪ್ರತಿ ಭಾನುವಾರ ಈ ಅಂಕಣ ಓದುವ ನಿಮ್ಮ ಮುಂದೆ ಮುಚ್ಚಿಟ್ಟು ಏನು ಮಾಡಲಿ? ನನಗೆ ಹೊಟ್ಟೆಕಿಚ್ಚಾಯಿತು. ಅಕ್ಕಪಕ್ಕದವರ ಹೊಸ ಕಾರು ನೋಡಿದಾಗ ಆಗುವ ಸಣ್ಣ ಉರಿ ಅಲ್ಲ. ಊಟ ರುಚಿಸದಂಥದ್ದು.

ಇನ್ನೂ ತಮಾಷೆಯೆಂದರೆ, ಹಗಲು ಅವ್ವನನ್ನು ನೋಡಿಕೊಳ್ಳುವ ಈ ಲಕ್ಕವ್ವನನ್ನು ಹುಡುಕಿದವಳು ನಾನು. ಮಾತಾಡಿ ಒಪ್ಪಿಸಿದವಳು ನಾನು. ಮನೆಗೆ ಕರೆತಂದು ಅವ್ವನ ಮುಂದೆ ನಿಲ್ಲಿಸಿದವಳೂ ನಾನೇ.

ಹೋದ ವರ್ಷ ಅವ್ವ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಎಲುಬು ಮುರಿದುಕೊಂಡಳು. ಆಪರೇಷನ್ ಆಯಿತು. ಕೈಗೆ ವಾಕರ್ ಬಂತು. ಆಮೇಲೆ ಬಂದದ್ದು ಎಲ್ಲರ ಮನೆಯಲ್ಲೂ ಒಂದಿಲ್ಲೊಂದು ದಿನ ಬರುವ ಪ್ರಶ್ನೆ. ಇನ್ನು ಅವ್ವ ಎಲ್ಲಿರಬೇಕು?

ಬನಹಟ್ಟಿಯಲ್ಲಿ ಅಣ್ಣನ ಮನೆ ಇದೆ. ಆದರೆ ಅದು ಮನೆ ಅನ್ನುವುದಕ್ಕಿಂತ ಪವರ್‌ಲೂಮ್‌ಗಳ ನಡುವೆ ನಾವು ಮಾಡಿಕೊಂಡ ಜಾಗ. ಎರಡು ಮಗ್ಗಗಳ ಸಂದಿಯಲ್ಲಿ ಒಬ್ಬರು ಅಡ್ಡಡ್ಡ ತಿರುಗಿ ಹೋಗಬೇಕು. ವಾಕರ್ ಹೋಗುವುದಿಲ್ಲ. ಅಣ್ಣ, ಅತ್ತಿಗೆ ಇಬ್ಬರೂ ಮಗ್ಗದ ಮುಂದೆಯೇ ನಿಂತಿರುವವರು. ಅಣ್ಣ ಕೇಳಿದ್ದು ಇಷ್ಟೇ: "ತಂಗೀ, ಮಗ್ಗ ತೆಗೀಲೇನು, ಅವ್ವನ್ನ ನಿನ್ನ ಕಡೆ ಕಳಸ್ಲೇನು? ನೀ ಹೆಂಗ ಹೇಳ್ತಿ ಹಂಗ." ಅದರಲ್ಲಿ ಕುಹಕವಿರಲಿಲ್ಲ. ಆ ಮಗ್ಗಗಳೇ ಆ ಮನೆಯ ಅನ್ನ.

ಮುಧೋಳದ ಕಡೆ ಒಂದು ವೃದ್ಧಾಶ್ರಮಕ್ಕೂ ಹೋಗಿ ಬಂದೆವು. (ವೃದ್ಧಾಶ್ರಮ ಎಂಬ ಮಾತು ಕೇಳಿದೊಡನೆ ಸೆರಗಿನಿಂದ ಕಣ್ಣೊರೆಸಿಕೊಳ್ಳುವವರ ಪೈಕಿ ನಾನಲ್ಲ. ನೋಡುವವರಿಲ್ಲದ ಮನೆಗಿಂತ ನೋಡುವವರಿರುವ ಆಶ್ರಮ ಎಷ್ಟೋ ಮೇಲು.) ಸ್ವಚ್ಛವಾಗಿತ್ತು. ಒಳ್ಳೆಯ ಜನ. ಚಹಾ ಕೊಟ್ಟರು. ಅವ್ವ ಅಲ್ಲಿನ ಹೆಂಗಸರ ಪಕ್ಕ ಕುಳಿತು, "ನೀವು ಇಲ್ಲಿ ಏನ ಕೆಲಸ ಮಾಡತೀರಿ?" ಎಂದು ಕೇಳಿದಳು. "ಏನಿಲ್ಲವ್ವ, ಆರಾಮ ಇರ್ತೇವಿ" ಅಂದರು. ತಿರುಗಿ ಬರುವಾಗ ಕಾರಿನಲ್ಲಿ ಅವ್ವ ಅಂದಳು: "ಅಷ್ಟ ಆರಾಮ ನನಗ ತಡಕೊಳ್ಳಾಕ ಆಗೂದಿಲ್ಲ ಬೇ."

ಸರಿ, ನನ್ನ ಮನೆಗೇ ಬಂದಳು. ಮಗಳ ಮನೆಯಲ್ಲಿ ಇರುವುದೇ ಎಂದು ನಾಲ್ಕು ಜನ ಅಂದರು. ಅಂದವರಲ್ಲಿ ಒಬ್ಬರೂ ಒಂದು ಮಧ್ಯಾಹ್ನ ಬಂದು ಅವ್ವನ ಜೊತೆ ಕೂಡಲಿಲ್ಲ, ಆ ಮಾತು ಬೇರೆ.

ನಾನೂ ನನ್ನ ಗಂಡನೂ ಬೆಳಗ್ಗೆ ಹೋದರೆ ಸಂಜೆಗೇ ಬರುವವರು. ಹಗಲಿಗೆ ಒಬ್ಬರು ಬೇಕು. ಮೊದಲು ಒಂದು ಏಜೆನ್ಸಿಯಿಂದ ಹುಡುಗಿಯರನ್ನು ಕರೆಸಿದೆವು. ಅವ್ವ ಒಬ್ಬಳ ಹೆಸರು ಕಲಿಯುವಷ್ಟರಲ್ಲಿ ಇನ್ನೊಬ್ಬಳು ಬರುತ್ತಿದ್ದಳು. ಕೊನೆಗೆ ನಮ್ಮ ಕಾಲೇಜಿನ ಅಟೆಂಡರ್ ಲಕ್ಕವ್ವನ ಹೆಸರು ಹೇಳಿದ. ಬೀಳಗಿ ಕಡೆಯವಳು, ಕುರಿ ಕಾಯುವ ಮನೆತನ. ಗಂಡ ಕುರಿಗಳ ಹಿಂದೆ ತಿಂಗಳುಗಟ್ಟಲೆ ಊರೂರು ತಿರುಗುತ್ತಾನೆ. ಇವಳು ಮಕ್ಕಳ ಶಾಲೆಗೆಂದು ಜಮಖಂಡಿಯಲ್ಲಿ ಕೋಣೆ ಮಾಡಿಕೊಂಡಿದ್ದಾಳೆ. ತಾನು ಓದಿದ್ದು ಏಳನೆಯ ತನಕ. ಭಾನುವಾರ ಮಾತ್ರ ರಜೆ.

ಬಂದ ದಿನವೇ ನಾನು ಟೈಮ್‌ಟೇಬಲ್ ಬರೆದು ಫ್ರಿಜ್ಜಿನ ಮೇಲೆ ಅಂಟಿಸಿದೆ. ಹತ್ತಕ್ಕೆ ವ್ಯಾಯಾಮ. ಹನ್ನೊಂದಕ್ಕೆ ಹಣ್ಣು. ಮೂರಕ್ಕೆ ರಬ್ಬರ್ ಚೆಂಡು ಹಿಚುಕುವುದು (ಬೆರಳಿಗೆ ಒಳ್ಳೆಯದೆಂದು ಡಾಕ್ಟರು ಹೇಳಿದ್ದರು).

ಹದಿನೈದು ದಿನಕ್ಕೆ ಚೆಂಡು ಫ್ರಿಜ್ಜಿನ ಹಿಂದೆ ಸಿಕ್ಕಿತು. ಲಕ್ಕವ್ವ ಊರಿನಿಂದ ಒಂದು ಗಂಟು ಉಣ್ಣೆ ತಂದಿದ್ದಳು. ಇಬ್ಬರೂ ವರಾಂಡದಲ್ಲಿ ಕುಳಿತು ಅದನ್ನು ಹಿಂಜುತ್ತಿದ್ದರು.

"ನಿಮ್ಮ ಕುರಿ ಜಳಕಾ ಮಾಡೂದಿಲ್ಲೇನ ಲಕ್ಕು? ಏನ ನಾರತೈತಿ ಇದು."

"ಮಾಡತಾವ ಯವ್ವಾ. ನಿಮ್ಮ ಬನಹಟ್ಟಿ ಮಂದಿಗಿಂತ ಜಾಸ್ತಿ ಮಾಡತಾವ."

ಅವ್ವ ನಕ್ಕಳು. ಭುಜ ಕುಣಿಸಿ ನಕ್ಕಳು. ಆಪರೇಷನ್ ಆದಮೇಲೆ ನಾನು ಆ ನಗು ನೋಡಿರಲಿಲ್ಲ. ನೋಡಿ ಖುಷಿಯಾಗಬೇಕಿತ್ತು ತಾನೆ? ನನ್ನ ಕಿವಿಗೆ ಬಿದ್ದದ್ದು ಬೇರೆ. 'ಯವ್ವಾ.' ಬಂದ ವಾರ ವಯಸ್ಸಾದವರನ್ನೆಲ್ಲ ಕರೆಯುವಂತೆ 'ಆಯಿ' ಅನ್ನುತ್ತಿದ್ದವಳು ಈಗ 'ಯವ್ವಾ' ಅನ್ನುತ್ತಿದ್ದಾಳೆ. 'ಅವ್ವಾ' ಅನ್ನಲಿ, 'ಯವ್ವಾ' ಅನ್ನಲಿ, ಅದು ನನ್ನ ಶಬ್ದ. ಅಣ್ಣನಿಗೂ ನನಗೂ ಬಿಟ್ಟರೆ ಇನ್ಯಾರಿಗೂ ಸೇರಿದ್ದಲ್ಲ.

ಅಲ್ಲಿಂದ ಒಂದೊಂದೇ ಕಣ್ಣಿಗೆ ಬೀಳತೊಡಗಿತು. ನನ್ನ ಕೈಯ ಚಪಾತಿ ಅವ್ವನಿಗೆ ಅಗಿಯಲು ಬರುವುದಿಲ್ಲವಂತೆ. ತಿಂಗಳುಗಟ್ಟಲೆ ಸುಮ್ಮನೆ ತಿಂದವಳು ಲಕ್ಕವ್ವನಿಗೆ ಹೇಳಿದಳು. ಲಕ್ಕವ್ವ ಮಧ್ಯಾಹ್ನ ಜೋಳದ ರೊಟ್ಟಿ ಹಾಲಲ್ಲಿ ನೆನೆಸಿ ಕೊಡುತ್ತಾಳೆ. ಬಚ್ಚಲಿಗೆ ಹೋಗಲು ಅವ್ವನಿಗೆ ಈಗಲೂ ಅಂಜಿಕೆಯಂತೆ. ಅದನ್ನೂ ಲಕ್ಕವ್ವನಿಗೆ ಹೇಳಿದ್ದು. ನನ್ನ ಮುಂದೆ ಮಾತ್ರ "ಆರಾಮ ಅದೇನಿ."

ಕೈ ಬೇಕು ಎಂದು ಕರೆದಿದ್ದೆ. ಕೈಯ ಹಿಂದೆ ಇಡೀ ಹೆಂಗಸೇ ಬಂದುಬಿಟ್ಟಳು. ಏನು ಮಾಡುವುದು?

ಮಾಡಬಾರದ್ದನ್ನೇ ಮಾಡಿದೆ. ತಲೆ ಬಾಚಿಸಿಕೊಳ್ಳದ ಆ ಭಾನುವಾರದ ಸಂಜೆ ಮಹಾಲಿಂಗಪುರದ ಗೆಳತಿಯೊಬ್ಬಳಿಗೆ ಫೋನ್ ಹಚ್ಚಿದೆ. ಅವಳಿಗೆ ಗೊತ್ತಿದ್ದ, ಟ್ರೇನಿಂಗ್ ಆದ ಹೆಂಗಸೊಬ್ಬಳನ್ನು ಒಂದನೆಯ ತಾರೀಖಿನಿಂದ ಕಳಿಸಲು ಹೇಳಿದೆ. "ಯಾಕ, ಈಗ ಇರೂ ಹೆಂಗಸು ಛಲೋ ನೋಡ್ಕೊಳ್ಳೂದಿಲ್ಲೇನು?" ಎಂದು ಅವಳು ಕೇಳಿದಳು. "ವ್ಯಾಯಾಮ ಬರೋಬರಿ ಮಾಡಸೂದಿಲ್ಲ" ಅಂದೆ.

ಎಂಥ ನೆಪ ನೋಡಿ. ಅವ್ವ ಆಗಲೇ ವಾಕರ್ ಹಿಡಿದು ಗೇಟಿನ ತನಕ ಹೋಗಿ ಬರುತ್ತಿದ್ದಳು. ನಡೆಸಿದವಳು ಯಾರು? ನನ್ನ ಟೈಮ್‌ಟೇಬಲ್ಲೇ?

ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಲಕ್ಕವ್ವನಿಗೆ ಕೊನೆಯ ದಿನ ಹೇಳಿದರಾಯಿತು ಅಂದುಕೊಂಡೆ. ಅವ್ವನಿಗೆ? ಹೊಸ ಹೆಂಗಸು ಬಂದಮೇಲೆ ತಾನೇ ಹೊಂದಿಕೊಳ್ಳುತ್ತಾಳೆ, ಹೊಂದಿಕೊಳ್ಳುವುದು ಅವ್ವಂದಿರಿಗೆ ಹೊಸದೇ?

ಮರುದಿನ ಸೋಮವಾರ ಕಾಲೇಜಿನಲ್ಲಿ ಪರೀಕ್ಷೆ ಬೇಗ ಮುಗಿಯಿತು. ಎರಡೂವರೆಗೇ ಮನೆಗೆ ಬಂದೆ. ವರಾಂಡದಿಂದ ಓದುವ ದನಿ ಕೇಳುತ್ತಿತ್ತು. ಶಾಲೆಯ ಮಕ್ಕಳು ಎದ್ದು ನಿಂತು ಓದುತ್ತಾರಲ್ಲ, ಹಾಗೆ, ಪ್ರತಿ ಶಬ್ದಕ್ಕೂ ಬೆರಳಿಟ್ಟು. ಗೇಟಿನ ಕಂಬದ ಹಿಂದೆ ನಿಂತೆ. ಹಿಂದಿನ ದಿನದ ಪೇಪರ್. ನನ್ನ ಇದೇ ಅಂಕಣ.

ನೆನಪಿದೆಯೇ, ಆ ವಾರ ಕಬ್ಬು ಹೇರಿದ ಟ್ರ್ಯಾಕ್ಟರುಗಳ ಸ್ಪೀಕರ್ ಹಾವಳಿಯ ಬಗ್ಗೆ ಬರೆದಿದ್ದೆ. ಬಾಡಗಂಡಿ ಹಾದಿಯಲ್ಲಿ ಹಿಂದಿನ ಹಾರ್ನ್ ಕೇಳದಷ್ಟು ಜೋರು ಹಾಡು ಹಚ್ಚಿಕೊಂಡು ಹೋಗುತ್ತಾರೆಂದು ಬೈದಿದ್ದೆ. ಲಕ್ಕವ್ವ ಅದನ್ನೇ ಓದುತ್ತಿದ್ದಳು. ಅವ್ವನ ತಲೆ ನೀಟಾಗಿ ಬಾಚಿತ್ತು, ತುರುಬು ಕಟ್ಟಿತ್ತು. ಲಕ್ಕವ್ವ ಪುಟ ಸರಿಪಡಿಸಿಕೊಂಡು ಮುಂದುವರಿಸಿದಳು.

"ಈ ಗದ್ದಲ ಕೇಳಿದಾಗ ನನಗೆ ನಮ್ಮವ್ವ ನೆನಪಾಗುತ್ತಾಳೆ. ಬನಹಟ್ಟಿಯ ಮಗ್ಗದ ಗದ್ದಲದಾಗ ಆಕೆ ಕಂಡಿಕಿ ಸುತ್ತುತ್ತಿದ್ದಳು. ನಾನು ಎದುರಿಗೆ ಕೂತು ಪಾಠ ಒಪ್ಪಿಸುತ್ತಿದ್ದೆ. ಆಕೆಗೆ ಅಕ್ಷರ ಬರುತ್ತಿರಲಿಲ್ಲ. ಆದರೂ ನಾ ತಪ್ಪಿದರೆ ರಾಟಿ ನಿಲ್ಲಿಸಿ, ಮತ್ತೊಮ್ಮೆ ಹೇಳು ಅನ್ನುತ್ತಿದ್ದಳು."

ನಾನು ಇದನ್ನು ಬರೆದಿರಲಿಲ್ಲ. ಒಂದು ಸಾಲೂ ಬರೆದಿರಲಿಲ್ಲ. ಪೇಪರಿನಲ್ಲಿ ಕೊನೆಯ ಸಾಲಿನ ತನಕ ಬರೀ ಟ್ರ್ಯಾಕ್ಟರೇ ಇತ್ತು.

ಆದರೆ ಅದು ಖರೇ ಆಗಿತ್ತು. ಮಗ್ಗದ ಲಾಳಿಯಲ್ಲಿ ಕೂಡಿಸುವ ನೂಲಿನ ಸಣ್ಣ ಉರುಳೆಗೆ ನಾವು ಕಂಡಿಕಿ ಅನ್ನುತ್ತೇವೆ. ಅದನ್ನು ಸುತ್ತುತ್ತ ಅವ್ವ ನನ್ನ ದನಿಗೆ ಕಿವಿ ಇಟ್ಟಿರುತ್ತಿದ್ದಳು. ನಾನು ತಡವರಿಸಿದ್ದು ದನಿಯಲ್ಲೇ ಗೊತ್ತಾಗುತ್ತಿತ್ತು. ರಾಟಿ ನಿಲ್ಲುತ್ತಿತ್ತು. ನಾನು ಇದನ್ನು ಮರೆತೇಬಿಟ್ಟಿದ್ದೆ.

ಅವ್ವ ಅಂದಳು: "ಪ್ರತಿ ವಾರ ನನ್ನ ಸುದ್ದೀನ ಬರೀತಾಳಲ್ಲ ಲಕ್ಕು, ಓದೂ ಮಂದಿಗಿ ಬ್ಯಾಸರಾ ಆಗೂದಿಲ್ಲೇನು?"

"ಇಲ್ಲ ಬಿಡ ಯವ್ವಾ. ಮಂದಿ ಅದಕ್ಕ ಕಾಯತಾರ."

"ನನ್ನ ಮುಂದ ಮಾತ್ರ ಒಂದ ಮಾತ ಆಡೂದಿಲ್ಲ ನೋಡ. ಗುಳಿಗಿ ತಗೊಂಡೇನು, ಹಣ್ಣ ತಿಂದೇನು, ಇಷ್ಟ. ಬರ್ಯಾಕ ಬರತೈತಿ ನನ್ನ ಮಗಳಿಗಿ, ಆಡಾಕ ಬರೂದಿಲ್ಲ."

ಸದ್ದು ಮಾಡದೆ ಹಿಂದಿನ ಬಾಗಿಲಿಂದ ಒಳಗೆ ಹೋದೆ. ಚಹಾಕ್ಕೆ ನೀರಿಡಲು ಬಂದ ಲಕ್ಕವ್ವ ನನ್ನನ್ನು ಅಡುಗೆಮನೆಯಲ್ಲಿ ಕಂಡು ನಿಂತುಬಿಟ್ಟಳು.

"ಕೇಳಿದ್ರೇನ್ರಿ ಅಕ್ಕಾರ?"

"ಕೇಳಿದ್ನಿ."

"ತಪ್ಪಾತ್ರಿ. ಮೊದಲನೇ ವಾರ ಇದ್ದದ್ದ ಇದ್ದಂಗ ಓದಿದ್ನಿರಿ, ನಮ್ಮ ಮನಿದೇವ್ರ ಬೀರಪ್ಪನ ಆಣಿ. ಓದಿ ಮುಗಿಸಿದ ಮ್ಯಾಲ ಯವ್ವ ಹಂಗ ನೋಡಕೋತ ಕುಂತ್ರು. 'ಮುಗೀತೇನು? ಅದರಾಗ ನಂದೇನೂ ಇಲ್ಲೇನು?' ಅಂದ್ರು. 'ಐತಿ ಯವ್ವಾ, ಪುಟಾ ತಿರಿವಿದ್ನಿ ತಡಿ' ಅಂದ್ನಿ. ಆಮ್ಯಾಲ ಬಾಯಿಗಿ ಬಂದದ್ದ ಓದಿದ್ನಿ."

"ಬಾಯಿಗಿ ಬಂದದ್ದ ಅಲ್ಲ ಅದು. ಖರೇ ಐತಿ."

"ಅವರ ಹೇಳಿದ್ದರಿ, ತಲಿ ಬಾಚೂ ಮುಂದ. ಅವರದ ಅವರಿಗಿ ಓದಿದ್ನಿ, ಮತ್ತೇನಿಲ್ಲ."

"ಎಷ್ಟ ವಾರ ಹಿಂಗ ಓದಿದಿ?"

"ಒಂದೂ ಬಿಟ್ಟಿಲ್ರಿ."

ಲಕ್ಕವ್ವ ಕೇಳಿದಳು, ಒಲೆಯ ಕಡೆ ಮುಖ ಮಾಡಿ: "ಒಂದನೇ ತಾರೀಖಿಗಿ ಬ್ಯಾರೇದಾಕಿ ಬರ್ತಾಳಂತಲ್ರಿ? ಇವತ್ತ ಮುಂಜಾನೆ ಮಹಾಲಿಂಗಪುರದಿಂದ ಮನಿ ಫೋನಿಗಿ ಫೋನ್ ಬಂದಿತ್ತು, ಮನಿ ಎಲ್ಲೈತಿ ಅಂತ ಕೇಳಿದ್ರು. ಯವ್ವಗ ನಾ ಹೇಳಿಲ್ರಿ. ಹೇಳಿದ್ರ ರೊಟ್ಟಿ ಬಿಡತಾರ."

ಏಳನೆಯ ತನಕ ಓದಿದವಳ ಮುಂದೆ ಎಂ.ಎ. ಓದಿದವಳು ತಲೆ ತಗ್ಗಿಸಿ ನಿಂತದ್ದನ್ನು ಆ ಅಡುಗೆಮನೆ ನೋಡಿತು. ಕೆಲಸ ಹೋಗುತ್ತದೆಂದು ಗೊತ್ತಿದ್ದೂ ಆ ಮಧ್ಯಾಹ್ನ ಅವಳು ನನ್ನ ಹೆಸರಿನಲ್ಲಿ ಅವ್ವನಿಗೆ ಒಳ್ಳೆಯ ಮಾತು ಓದಿದ್ದಳು. ಆಕೆಗೆ ನನ್ನ ಮೇಲೆ ಸಿಟ್ಟು ಬರಬಾರದಿತ್ತೇ?

ಅವಳ ಮುಂದೆಯೇ ಗೆಳತಿಗೆ ಫೋನ್ ಮಾಡಿ ಬೇಡವೆಂದೆ. ಕಾರಣ ಕೇಳಿದಳು. ಹೇಳಿದೆ. ಗೆಳತಿ ಅಂದಳು: "ನಮ್ಮಪ್ಪಗ ದಾಡಿ ಮಾಡಾಕ ಬರತಾನಲ್ಲ, ಅವನ ಮ್ಯಾಲ ನನಗೂ ಹಿಂಗ ಉರಿ. ಅವನ ಮುಂದ ಅಪ್ಪ ಒಂದ ತಾಸ ಮಾತಾಡತಾನ." ಅಂದರೆ ನಾನೊಬ್ಬಳೇ ಅಲ್ಲ. ನಾವು ಹಿರಿಯರಿಗೆ ಕೋಣೆ, ಕಮೋಡು, ಗೋಡೆಗೆ ಹಿಡಿಕೆ, ಗುಳಿಗೆಯ ಡಬ್ಬಿ ಎಲ್ಲ ಹೊಂದಿಸುತ್ತೇವೆ. ಮಾತು ಹೊಂದಿಸುವುದು ಮಾತ್ರ ಇನ್ನೊಬ್ಬರ ಪಾಲಿಗೆ ಹೋಗುತ್ತದೆ. ಆಮೇಲೆ ಅವರ ಮೇಲೆ ಉರಿದುಕೊಳ್ಳುತ್ತೇವೆ.

ಆ ವಾರ ನನ್ನ ಹಳೆಯ ಅಂಕಣಗಳನ್ನೆಲ್ಲ ತೆಗೆದು ನೋಡಿದೆ. ನಮ್ಮ ಮನೆತನದ ಮೊದಲ ಪದವೀಧರೆ ಎಂದು ಎಷ್ಟು ಸಲ ಬರೆದುಕೊಂಡಿದ್ದೇನೆ, ನಿಮಗೇ ಬಾಯಿಪಾಠವಾಗಿರಬೇಕು. ಬಸ್ಸಿಲ್ಲದ ದಿನ ನಡೆದು ಹೋದದ್ದಿದೆ, ಎರವಲು ಪುಸ್ತಕಗಳಿವೆ, ಹಾಸ್ಟೆಲಿನ ತಣ್ಣೀರಿದೆ. ಎಲ್ಲೆಡೆ ನಾನಿದ್ದೇನೆ. ರಾಟಿ ನಿಲ್ಲಿಸಿದವಳು ಎಲ್ಲಿಯೂ ಇಲ್ಲ. ಒಬ್ಬಳೇ ಹತ್ತಿ ಬಂದವಳ ಹಾಗೆ ಬರೆದಿದ್ದೆ. ಹಾಗೆ ಬರೆದರೆ ಕತೆ ಎತ್ತರ ಕಾಣುತ್ತದಲ್ಲ.

ಹೊಟ್ಟೆಕಿಚ್ಚು ಹೋಯಿತೇ? ಇಲ್ಲ. ಇನ್ನೊಂದು ಹೆಚ್ಚಾಯಿತು. ನನ್ನ ಅಂಕಣದಲ್ಲಿ ಅವ್ವನಿಗೆ ಇಷ್ಟವಾದ ಸಾಲುಗಳು ನನ್ನವಲ್ಲ!

ಮೊನ್ನೆ ಭಾನುವಾರ ಪೇಪರ್ ಹಿಡಿದು ನಾನೇ ಅವ್ವನ ಪಕ್ಕ ಕುಳಿತೆ. "ಓದಲೇನವ್ವಾ?" ಅಂದೆ.

"ಬ್ಯಾಡ. ನೀ ಬರದದ್ದು ನೀನ ಓದಿದ್ರ ಏನ ಛಂದ? ನಾಳಿ ಲಕ್ಕು ಓದತಾಳ."

ಹೀಗಾಗಿ ಈ ವಾರದ ಕೆಲಸವೂ ಲಕ್ಕವ್ವನಿಗೇ. ಲಕ್ಕವ್ವ, ಸೋಮವಾರ ಮಧ್ಯಾಹ್ನ ನೀನು ಈ ಪುಟ ತೆಗೆಯುತ್ತೀ. ಇಲ್ಲಿಯ ತನಕ ಬರೆದದ್ದನ್ನೆಲ್ಲ ಬಿಟ್ಟುಬಿಡು. ನಿನ್ನ ಗುಟ್ಟು ನಿನ್ನ ಹತ್ತಿರವೇ ಇರಲಿ. ಬೇಕಾದರೆ ಟ್ರ್ಯಾಕ್ಟರಿನ ಬಗ್ಗೆ ನಾಲ್ಕು ಮಾತು ನೀನೇ ಸೇರಿಸು. ಮುಂದಿನದನ್ನು ಮಾತ್ರ ಇದ್ದದ್ದು ಇದ್ದಂತೆ ಓದು. ಇದನ್ನು ನಾನೇ ಬರೆದದ್ದು.

ಅವ್ವಾ, ನಾನು ಕ್ಲಾಸಿನಲ್ಲಿ ಇವತ್ತಿಗೂ ಒಂದು ಮಾತು ತಪ್ಪಿದರೆ ನಿಂತು, ಮತ್ತೊಮ್ಮೆ ಹೇಳುತ್ತೇನೆ. ಅದು ಎಲ್ಲಿಂದ ಬಂತೆಂದು ಯಾರಿಗೂ ಹೇಳಿರಲಿಲ್ಲ, ನಿನಗೂ. ನಿನ್ನ ರಾಟಿ ನಿಂತ ಸದ್ದಿನಿಂದ ಬಂತು. ಬಚ್ಚಲಿನ ಅಂಜಿಕೆ ಇನ್ನು ಮೇಲೆ ನನಗೂ ಹೇಳು. ಚಪಾತಿ ಬಿಡು, ರೊಟ್ಟಿ ನೆನೆಸುವುದನ್ನು ಕಲಿಯುತ್ತೇನೆ. ಪೇಪರ್ ತಿದ್ದಿದ ಹಾಗೆ ಬಾಚುವುದಿಲ್ಲ, ಮೆಲ್ಲಗೆ ಬಾಚುತ್ತೇನೆ.

ವಾರದ ಆರು ದಿನ ಲಕ್ಕವ್ವನಿಗೇ ಇರಲಿ. ಭಾನುವಾರದ ಬಾಚಣಿಕೆಯನ್ನಾದರೂ ನನಗೆ ಕೊಡುತ್ತೀಯಾ?