ಒಂದು ವಾಕ್ಯಕ್ಕಾಗಿ ಕಲಿತ ಇಂಗ್ಲಿಷು

ಕನ್ನಡದಲ್ಲಿ ‘ನಾನು ವಿದ್ಯಾರ್ಥಿ’ ಎಂದರೆ ಮುಗಿಯಿತು. ಇಂಗ್ಲಿಷಿನಲ್ಲಿ ಅವೆರಡರ ನಡುವೆ ಇನ್ನೆರಡು ಪುಟ್ಟ ಪದಗಳು ಕೂರಲೇಬೇಕು, ಕಂಪ್ಲಿ ಬಸ್ಸಿನಲ್ಲಿ ಇಬ್ಬರ ನಡುವೆ ತೂರಿಕೊಳ್ಳುವ ಮಕ್ಕಳಂತೆ. ನಾನು ಬಾಯಿ ತೆರೆದಾಗಲೆಲ್ಲ ಅವುಗಳಲ್ಲೊಂದು ಸ್ಟ್ಯಾಂಡಿನಲ್ಲೇ ಉಳಿದುಬಿಡುತ್ತದೆ.

ಐವತ್ತು ದಾಟಿದ ಮೇಲೆ ಹೊಸಪೇಟೆಯ ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಹೋದ ನನ್ನನ್ನು ಕಂಡು, ಯಾರದೋ ತಂದೆ ಫೀಸು ಕಟ್ಟಲು ಬಂದಿದ್ದಾರೆಂದು ಹುಡುಗಿಯರು ಆಫೀಸಿನತ್ತ ಕೈ ತೋರಿಸಿದರು. ಟೀಚರಿಗೂ ನನ್ನ ಮಗಳಾಗುವಷ್ಟೇ ವಯಸ್ಸು. ಒಂದು ದಿನ ಅವರೇ ಅಂದರು:

“ಅಂಕಲ್, ಮನ್ಯಾಗ ಪ್ರಾಕ್ಟೀಸ್ ಮಾಡ್ರಿ. ಯಾರೂ ಇಲ್ಲಂದ್ರ ಗ್ವಾಡಿ ಜೊತಿ ಮಾತಾಡ್ರಿ.”

“ಈಗ ಅದರ ಜೊತಿನ ಮಾತಾಡಾದಮ್ಮ. ಕನ್ನಡದಾಗ ಕೇಳಿದ್ರೂ ಉತ್ತರ ಕೊಡವಲ್ದು.”

ನನ್ನ ಹೆಂಡತಿ ಶಾಂತಾ ತೀರಿಕೊಂಡು ಆಗ ವರ್ಷವೂ ತುಂಬಿರಲಿಲ್ಲ. ಹಂಪಿಯ ದಾರಿಯಲ್ಲಿನ ನಮ್ಮ ಖಾನಾವಳಿಯನ್ನು ಅವಳು ‘ಕಮ್, ಸಿಟ್, ಈಟ್’ ಎಂಬ ಪದಗಳಲ್ಲೇ ನಡೆಸಿದವಳು. ವ್ಯಾಕರಣ ಅವಳ ಹೊಸ್ತಿಲು ತುಳಿಯಲಿಲ್ಲ, ಪರದೇಶದವರು ತುಳಿಯುತ್ತಲೇ ಇದ್ದರು. ಅವರಲ್ಲಿ ಮಾರ್ಗರೇಟಮ್ಮ ಪ್ರತಿ ಚಳಿಗಾಲಕ್ಕೂ ಬಂದು ಅವಳ ಪಕ್ಕ ಕೂತು ವಕ್ರವಕ್ರ ರೊಟ್ಟಿ ಬಡಿಯುವವರು. ಅವರು ‘ಶಾಂತಾ ಎಲ್ಲಿ’ ಎಂದರೆ ಆಕಾಶಕ್ಕೆ ಬೆರಳು ತೋರಿಸಿ ಸುಮ್ಮನಾಗಲು ನನಗೆ ಮನಸ್ಸಿರಲಿಲ್ಲ. ಅವಳ ಸಾವನ್ನು ಅವಳ ಗೆಳತಿಗೆ ಒಂದು ಪೂರ್ತಿ ವಾಕ್ಯದಲ್ಲಿ, ಗೌರವದಿಂದ ಹೇಳಬೇಕಿತ್ತು. ಕ್ಲಾಸು ಸೇರಿದ್ದು ಅದೊಂದಕ್ಕೇ.

ಡಿಸೆಂಬರಿನಲ್ಲಿ ಬಂದರು, ಬಂದವರೇ ಕೇಳಿದರು. ನನ್ನ ವಾಕ್ಯ ಸಿದ್ಧವಾಗಿತ್ತು. ಆದರೆ ದೂರದಿಂದ ಹಸಿದು ಬಂದವರಿಗೆ ಉಣ್ಣುವ ಮೊದಲೇ ಸಾವಿನ ಸುದ್ದಿ ಹೇಳುವ ಪದ್ಧತಿ ನಮ್ಮಲ್ಲಿಲ್ಲ. ಆಮೇಲೆ ಗಂಟಲಲ್ಲಿ ಅನ್ನ ಇಳಿಯುವುದಿಲ್ಲ. ತಿಂಗಳುಗಟ್ಟಲೆ ಉರು ಹೊಡೆದ ವ್ಯಾಕರಣವೆಲ್ಲ ಹಿಂದೆ ಸರಿದು, ಬಾಯಿಂದ ಬಂದದ್ದು ‘ಸಿಟ್, ಈಟ್’. ಅವರು ಶಾಂತಾಳಿಗೆಂದು ತಂದ ಶಾಲನ್ನು ಮೇಜಿನ ಮೇಲಿಟ್ಟು, ನಗುನಗುತ್ತ ರೊಟ್ಟಿ, ಬದನೆಕಾಯಿ ಪಲ್ಯ ಉಂಡರು. ಕೈ ತೊಳೆದು ಬಂದ ಮೇಲೆ ಹೇಳಿದೆ. ಒಂದು ಪದವೂ ತಪ್ಪಲಿಲ್ಲ. ಆ ಸರಿಯುತ್ತರಕ್ಕೆ ಇಷ್ಟು ನಾಚಿಕೆಯಾಗುತ್ತದೆಂದು ಕ್ಲಾಸಿನಲ್ಲಿ ಯಾರೂ ತಿಳಿಸಿರಲಿಲ್ಲ.

ಬಹಳ ಹೊತ್ತು ಅತ್ತರು. ಆಮೇಲೆ, ತಾವು ನಗುತ್ತ ಉಣ್ಣುವಾಗ ನಾನೇಕೆ ಸುಮ್ಮನಿದ್ದೆ ಎಂದು ಕೇಳಿದರು. ಉತ್ತರಕ್ಕೆ ಇಂಗ್ಲಿಷ್ ಹುಡುಕಿದೆ, ಸಿಕ್ಕಿದ್ದು ಶಾಂತಾ ತೀರಿಕೊಂಡ ದಿನದ ಆಸ್ಪತ್ರೆಯ ಕಾರಿಡಾರು. ಅಲ್ಲಿ ಶಾಂತಾಳ ತಂಗಿ ವಾರ್ಡಿನಿಂದ ಹೊರಬಂದು, ನನ್ನ ಕೈಗೆ ತಟ್ಟೆ ಕೊಟ್ಟು, “ಮಾವ, ಮೊದ್ಲು ಎರಡು ಇಡ್ಲಿ ತಿನ್ರಿ, ಆಮ್ಯಾಲ ಒಳಗ ಹೋಗೀರಂತ” ಅಂದಿದ್ದಳು. ಅವಳ ಕಣ್ಣು ಕೆಂಪಗಿದ್ದುದನ್ನು ನಿದ್ದೆಗೇಡಿನ ಲೆಕ್ಕಕ್ಕೆ ಹಾಕಿದ್ದೆ.

ಸಿಕ್ಕಸಿಕ್ಕ ಪದಗಳಲ್ಲಿ, ಕೈಸನ್ನೆಯಲ್ಲಿ ಅಷ್ಟನ್ನೂ ಹೇಳಿದೆ.

ಎರಡೂ ತಿಂದಿರಾ ಎಂದು ಕೇಳಿದರು.

ಎರಡೂ ತಿಂದೆ, ಚಟ್ನಿಗೆ ಉಪ್ಪು ಕಮ್ಮಿ ಅಂತ ಬೈದೆ ಕೂಡ ಎಂದೆ.

ಮಾರ್ಗರೇಟಮ್ಮ ಅಳುತ್ತಲೇ ನಕ್ಕುಬಿಟ್ಟರು. ಅಂದು ಮಧ್ಯಾಹ್ನ ನಾನು ಗೋಡೆಯೆದುರಲ್ಲ, ಅವರೆದುರು ಕೂತು ಉಂಡೆ.