ಹುಳ ಹತ್ತದ ಇಲಿ

ಬಾಲ ಹಿಡಿದು, ಕತ್ತಿನ ಹಿಂಭಾಗಕ್ಕೆ ಪೆನ್ಸಿಲ್ ಒತ್ತಿ, ಒಮ್ಮೆ ಜಗ್ಗಿದರೆ ಇಲಿಯ ಕುತ್ತಿಗೆ ಮುರಿಯುತ್ತದೆ. ಕೊಲ್ಹಾಪುರದ ಕಾಲೇಜಿನಲ್ಲಿ ನಾನು ಇದನ್ನು ಕಲಿತೆ, ಈಗ ಅಲ್ಲೇ ಕಲಿಸುತ್ತೇನೆ. ಆಮೇಲೆ ಹೊಟ್ಟೆ ಸೀಳಿ, ಕರುಳು ಬಿಡಿಸಿ, ಒಳಗಿನ ಹುಳಗಳನ್ನು ನೋಡುವುದು. ದಾನೋಳಿಯ ಜೈನ ರೈತರ ಮನೆಮಗಳಿಗೆ ಇದೆಂಥ ಉದ್ಯೋಗ ಎಂದು ಕೇಳದ ನೆಂಟರಿಲ್ಲ. ಅವ್ವ ಮಾತ್ರ ಏನೂ ಕೇಳುತ್ತಿರಲಿಲ್ಲ. ಸ್ನಾನ ಮಾಡದೆ ನನ್ನನ್ನು ಅಡುಗೆಮನೆಗೆ ಬಿಡುತ್ತಿರಲಿಲ್ಲ, ಅಷ್ಟೇ.

ನಮ್ಮ ಹೊಲದ ಬದುವಿನಲ್ಲಿ ಒಂದೇ ಬಿಲದಿಂದ ಹಿಡಿದ ಇಲಿಗಳಲ್ಲಿ ಹೆಚ್ಚಿನವುಗಳ ಕರುಳಲ್ಲಿ ಹುಳಗಳು ಗಿಜಿಗುಡುತ್ತಿದ್ದವು. ಒಂದು ಹೆಣ್ಣಿನ ಹಿಕ್ಕೆಯಲ್ಲಿ ಮಾತ್ರ ಹುಳದ ಮೊಟ್ಟೆಯೇ ಕಾಣಲಿಲ್ಲ. ಅದೂ ತಿಂದದ್ದು ಅದೇ ಕಬ್ಬು, ಮಲಗಿದ್ದು ಅದೇ ಮಣ್ಣಿನಲ್ಲಿ. ಬೇಕೆಂದೇ ಹುಳದ ಮೊಟ್ಟೆ ಬೆರೆಸಿದ ನೀರು ಕುಡಿಸಿದೆ, ಹತ್ತಲಿಲ್ಲ. ಅದರ ಮರಿಗಳಿಗೂ ಹತ್ತಲಿಲ್ಲ. ಅದೇ ಪಂಜರದಲ್ಲಿದ್ದ ಬೇರೆ ತಾಯಿಯ ಮರಿಗಳು ಹುಳ ಬಿದ್ದು ಸೊರಗಿ ಸತ್ತವು. ಗುಣ ತಾಯಿಯಿಂದ ಮರಿಗೆ ಇಳಿದಿತ್ತು. ಅದು ಯಾವ ಜೀನ್ ಎಂದು ತಿಳಿಯಬೇಕಾದರೆ ಆ ಸಂತತಿ ಇನ್ನೂ ಕೆಲವು ತಲೆಮಾರು ಬದುಕಬೇಕಿತ್ತು. ಕಾಲೇಜಿನಲ್ಲಿ ಜಾಗ ಸಾಲದೆ ಪಂಜರಗಳನ್ನು ಮನೆಯ ಹಳೆಯ ಕೊಟ್ಟಿಗೆಯಲ್ಲಿಟ್ಟಿದ್ದೆ. ನನ್ನ ವರ್ಷಗಳ ದುಡಿಮೆಯೆಲ್ಲ ಅಲ್ಲಿತ್ತು.

ಕಬ್ಬಿನ ಕಟಾವು ನಡೆದಿದ್ದ ಒಂದು ಚತುರ್ದಶಿಯ ಬೆಳಿಗ್ಗೆ ನೋಡಿದರೆ ಪಂಜರಗಳೆಲ್ಲ ಬಾಯಿ ತೆರೆದು ಬಿದ್ದಿದ್ದವು.

“ಉಪಾಸದ ದಿನ ಮನ್ಯಾಗ ಜೀವ ಕೂಡಿ ಹಾಕಿ ನಾ ಹೆಂಗ ಬಸದಿಗೆ ಹೋಗ್ಲಿ? ಬಿಟ್ಟ ಬಂದೇನಿ,” ಎಂದಳು ಅವ್ವ.

“ಎಲ್ಲಿ ಬಿಟ್ಟಿ?”

“ನಮ್ಮ ಕಬ್ಬಿನ್ಯಾಗ. ಇನ್ನಾ ಒಂದ ಪಟ್ಟಿ ನಿಂತೈತಲಾ, ಅಲ್ಲೆ. ತಿನ್ನಾಕ ಐತಿ, ನೆಳ್ಳ ಐತಿ.”

ಅಂದು ಕಡಿಯುವುದಿದ್ದದ್ದು ಆ ಪಟ್ಟಿಯನ್ನೇ. ಕಬ್ಬು ಕಡಿಯುತ್ತ ಬಂದಂತೆ ಹೊಲದ ಇಲಿಗಳೆಲ್ಲ ಕೊನೆಯ ಪಟ್ಟಿಗೆ ಸೇರಿಕೊಳ್ಳುತ್ತವೆ. ಅದನ್ನು ಕಡಿಯುವಾಗ ಸುತ್ತ ನಿಂತು ಹೊಡೆಯುವುದು ಕಡಿಯುವ ಗ್ಯಾಂಗಿನವರ ರೂಢಿ. ನಮ್ಮ ಮನೆಯವರಿಗೂ ಒಂದು ರೂಢಿಯಿದೆ: ಆ ಹೊತ್ತಿಗೆ ಹೊಲ ಬಿಟ್ಟು ಮನೆಗೆ ಬಂದುಬಿಡುವುದು. ಕಣ್ಣಿಗೆ ಬೀಳದಿದ್ದರೆ ಅದು ಹಿಂಸೆಯೇ ಅಲ್ಲ! ಮದುವೆಯಾಗಿ ಬಂದಾಗಿನಿಂದ ಅವ್ವ ಕೊನೆಯ ಪಟ್ಟಿಯ ಕಟಾವು ಕಂಡವಳೇ ಅಲ್ಲ. ಸಿಟ್ಟಿನಲ್ಲಿ ಅವಳ ರಟ್ಟೆ ಹಿಡಿದು ಹೊಲಕ್ಕೆ ಎಳೆದುಕೊಂಡೇ ಹೋದೆ.

ದೂರದಿಂದಲೇ “ಮಾರ್, ಮಾರ್, ಸೋಡು ನಕೋ!” ಹೊಡಿ, ಬಿಡಬೇಡ ಎಂಬ ಮರಾಠಿ ಕೂಗು ಕೇಳುತ್ತಿತ್ತು. ಗಂಡಸರು ಕಬ್ಬಿನ ಜಲ್ಲೆಯಿಂದ, ಹೆಂಗಸರು ಕಬ್ಬು ಕಡಿಯುವ ಕೊಯ್ತಾದಿಂದ ಹೊಡೆಯುತ್ತಿದ್ದರು. ನಾಯಿಗಳು ಬಾಯಲ್ಲಿ ಕಚ್ಚಿ ಜಾಡಿಸಿ ಎಸೆದು, ಮುಂದಿನದರ ಬೆನ್ನು ಹತ್ತುತ್ತಿದ್ದವು. ನೆಲಕ್ಕೆ ಬಿದ್ದ ಕಬ್ಬಿನ ಒಣಗರಿ, ಆ ರವದಿಯ ಮೇಲೆಲ್ಲ ರಕ್ತ. ನಾನು ಬೇಡವೆಂದು ಕಿರುಚಿದೆ. ಒಬ್ಬನ ಕೈಯಿಂದ ಜಲ್ಲೆ ಕಿತ್ತು ಅವನಿಗೇ ಬಾರಿಸಿದೆ. ಅವರು ನಿಲ್ಲಿಸುವ ಹೊತ್ತಿಗೆ ಹೊಡೆಯಲು ಏನೂ ಉಳಿದಿರಲಿಲ್ಲ.

ಗುರುತಿಗೆಂದು ನನ್ನ ಇಲಿಗಳ ಕಿವಿಗೆ ಕಚ್ಚು ಹಾಕಿದ್ದೆ. ಸತ್ತ ಇಲಿಗಳ ರಾಶಿಯಲ್ಲಿ ಕೂತು ಒಂದೊಂದೇ ಕಿವಿ ತಿರುವಿ ನೋಡಿದೆ. ಹುಳ ಹತ್ತದ ಆ ಹೆಣ್ಣಿಲಿಯ ಮರಿಗಳೆಲ್ಲ ಅಲ್ಲೇ ಸಿಕ್ಕವು. ತಾಯಿ ಬದುವಿನ ಬಳಿ ಸಿಕ್ಕಿತು, ಜೀವಂತ. ಬೆನ್ನು ಮುರಿದಿತ್ತು, ಮುಂಗಾಲಿನಿಂದ ತನ್ನನ್ನು ತಾನು ಎಳೆದುಕೊಳ್ಳುತ್ತ ಚೀರುತ್ತಿತ್ತು.

ಅವ್ವ ಪಕ್ಕದಲ್ಲಿ ಬಂದು ಕುಳಿತಳು. “ಇನ್ನ ನೋಡಾಕ ಆಗವಲ್ದ. ಮುಗಿಸಿ ಬಿಡವ್ವಾ,” ಎಂದಳು.

ಜೀವ ತೆಗೆಯುವುದೂ ತೆಗೆಸುವುದೂ ಒಂದೇ ಪಾಪ ಎಂದು ನನಗೆ ಕಲಿಸಿದವಳೇ ಅವಳು. ನಾನು ಅವಳ ಮುಖ ನೋಡಿದೆ.

“ನಾನ ಹೇಳಾಕತ್ತೇನಿ. ಪಾಪ ನಂದ. ನೀ ಮುಗಸ.”

ಹೆಬ್ಬೆರಳಿನಿಂದಲೇ ಕುತ್ತಿಗೆ ಮುರಿದೆ. ಕೊಯ್ತಾ ಇಸಿದುಕೊಂಡು ಅಲ್ಲೇ ಹೊಟ್ಟೆ ಸೀಳಿದೆ. ಅವ್ವ ಎದ್ದು ಹೋಗಲಿಲ್ಲ. ಕರುಳನ್ನು ಉದ್ದಕ್ಕೂ ಬಿಡಿಸಿ ನೋಡಿದೆ. ಒಂದು ಹುಳವೂ ಇರಲಿಲ್ಲ.

“ಇವೇನ?” ಎಂದು ಅವ್ವ ಕರುಳಿನ ಪಕ್ಕಕ್ಕೆ ಬೆರಳು ಮಾಡಿದಳು.

ನಾನು ಹೇಳುವ ಮೊದಲೇ ಅವಳಿಗೆ ತಿಳಿಯಿತು. ಇನ್ನೂ ಕಣ್ಣು ಮೂಡದ ಮರಿಗಳು.